ನಮ್ಮಂಥೋರನ್ನ ಅಲ್ಲಿ ಬಿಡ್ತಾರಾ?

ಉತ್ತರಹಳ್ಳಿಯಿಂದ ಕೆಂಗೇರಿ ಕಡೆಗೆ ಹೋಗುವ ಮುಖ್ಯರಸ್ತೆಯಲ್ಲಿ ಒಂದು ದರ್ಶಿನಿ ಇದೆ. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಅಲ್ಲಿ ನಿಂತು ಕಾಫಿ ಕುಡಿಯುವುದು ನನಗೂ ಪಕ್ಕದ ಮನೆಯ ರಾಯರಿಗೂ ಹತ್ತು ವರ್ಷದ ರೂಢಿ. ಬ್ಯಾಂಕ್ ಕೆಲಸದಿಂದ ನಿವೃತ್ತರಾದ ಮೇಲೆ ರಾಯರು ಗಾಲ್ಫ್ ಹಿಡಿದರು. ಮೊದಲು ಡ್ರೈವಿಂಗ್ ರೇಂಜ್‌ನಲ್ಲಿ ಬಕೆಟ್ ಲೆಕ್ಕದಲ್ಲಿ ಚೆಂಡು ಹೊಡೆದರು. ಆಮೇಲೆ ಬಿಡದಿ ಕಡೆ ಹೋಗಿ ಹದಿನೆಂಟು ಹೋಲ್ ಪೂರ್ತಿ ಆಡಿ ಬಂದರು. ಈಗ ಅರವತ್ಮೂರರ ವಯಸ್ಸಿನಲ್ಲಿ ಅವರಿಗೆ ಆ ಆಟ ಬಿಟ್ಟರೆ ಮೊಮ್ಮಗಳು, ಮೊಮ್ಮಗಳು ಬಿಟ್ಟರೆ ಆ ಆಟ. ಹೋದ ತಿಂಗಳು ಲೋಟ ಕೆಳಗಿಟ್ಟು ಅವರು ಕೇಳಿದ ಪ್ರಶ್ನೆಯೇ ಈ ವಾರದ ಅಂಕಣಕ್ಕೆ ಕಾರಣ: "ಅಲ್ರೀ, ಟೀವೀಲಿ ತೋರಿಸ್ತಾರಲ್ಲ, ಆ ಸೇಂಟ್ ಆಂಡ್ರೂಸು, ಪೆಬಲ್ ಬೀಚು, ಅಲ್ಲೆಲ್ಲ ನಮ್ಮಂಥೋರನ್ನ ಆಡೋಕೆ ಬಿಡ್ತಾರಾ?"

ಬಿಡ್ತಾರೆ ಎಂದೆ. ರಾಯರು ನಂಬಲಿಲ್ಲ. ನಂಬದಿರುವುದು ಸಹಜ. ಗಾಲ್ಫ್ ಎಂದರೆ ನಮ್ಮೂರಿನಲ್ಲಿ ಎತ್ತರದ ಕಾಂಪೌಂಡು, ಗೇಟಿನಲ್ಲಿ ಕಾವಲು, ಸದಸ್ಯರಿಗೆ ಮಾತ್ರ ಎಂಬ ಫಲಕ. ಇಲ್ಲಿಯೇ ಹೀಗಿದ್ದರೆ ಜಗತ್ತಿನ ಹೆಸರಾಂತ ಮೈದಾನಗಳಲ್ಲಿ ಇನ್ನೆಷ್ಟು ಬಿಗಿ ಇರಬಹುದು ಎಂದು ಯಾರಿಗಾದರೂ ಅನ್ನಿಸುತ್ತದೆ. ನಿಜ ಸಂಗತಿ ಬೇರೆ. ಆ ಮೈದಾನಗಳಲ್ಲಿ ಹಲವು ಸಾರ್ವಜನಿಕರಿಗೆ ತೆರೆದಿವೆ. ಅಲ್ಲಿಗೆ ಹೋಗಲು ದುಡ್ಡು ಬೇಕು, ಅದನ್ನು ಮುಚ್ಚಿಡುವುದಿಲ್ಲ. ಆದರೆ ದುಡ್ಡಿಗಿಂತ ಮೊದಲು ಬೇಕಾದದ್ದು ಒಂದು ಕ್ಯಾಲೆಂಡರು ಮತ್ತು ಅದನ್ನು ಒಂದು ವರ್ಷ ಮುಂಚೆ ತೆರೆದು ನೋಡುವ ಅಭ್ಯಾಸ.

ಇಷ್ಟು ಮುಂಚೆ ಯಾಕೆ? ಲೆಕ್ಕ ಸರಳ. ಗಾಲ್ಫ್‌ನಲ್ಲಿ ನಾಲ್ಕು ಜನರ ಒಂದು ಗುಂಪು ಮೊದಲ ಹೋಲ್‌ನಿಂದ ಹೊರಟು ಸುಮಾರು ಹತ್ತು ನಿಮಿಷವಾದ ಮೇಲೆ ಮುಂದಿನ ಗುಂಪು ಹೊರಡಬೇಕು. ಆ ಹೊರಡುವ ಗಳಿಗೆಗೆ ಟೀ ಟೈಮ್ ಎನ್ನುತ್ತಾರೆ. ಗಂಟೆಗೆ ಆರು ಗುಂಪು, ಅಂದರೆ ಇಪ್ಪತ್ನಾಲ್ಕು ಜನ. ಹತ್ತು ಗಂಟೆ ಕಾಲ ಬಿಟ್ಟೂಬಿಡದೆ ಕಳಿಸಿದರೂ ದಿನಕ್ಕೆ 240 ಜನ. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಒಂದು ಸಂಜೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ. ಆದರೆ ಅವರಲ್ಲಿ ಒಬ್ಬರಿಗೂ ಪ್ಯಾಡ್ ಕಟ್ಟಿಕೊಂಡು ಕ್ರೀಸಿಗೆ ಇಳಿಯುವ ಅವಕಾಶ ಇರುವುದಿಲ್ಲ. ಗಾಲ್ಫ್‌ನ ದೊಡ್ಡ ಕೊಡುಗೆ ಇದೇ: ಟೈಗರ್ ವುಡ್ಸ್ ಗೆದ್ದ ಹುಲ್ಲಿನ ಮೇಲೆಯೇ, ಅದೇ ಬಂಕರ್ ಎಂಬ ಮರಳುಗುಂಡಿಯ ಎದುರಿಗೇ, ಉತ್ತರಹಳ್ಳಿಯ ನಿವೃತ್ತ ಬ್ಯಾಂಕ್ ನೌಕರರೂ ನಿಂತು ಆಡಬಹುದು. ಜಗತ್ತಿನ ಲಕ್ಷಾಂತರ ಆಟಗಾರರಿಗೆ ಈ ಆಸೆ ಇದೆ, ದಿನಕ್ಕೆ ಇರುವುದು ಇನ್ನೂರು ಚಿಲ್ಲರೆ ಜಾಗ. ಹಾಗಾಗಿ ಸರದಿ ಉದ್ದ, ಸರದಿಗೆ ನಿಯಮ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್‌ನಿಂದಲೇ ಶುರು ಮಾಡೋಣ, ಯಾಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಗಾಲ್ಫ್‌ನ ತವರು ಎಂದು ಕರೆಸಿಕೊಂಡ ಊರು ಅದು. 2022ರಲ್ಲಿ 150ನೆಯ ಓಪನ್ ಚಾಂಪಿಯನ್‌ಷಿಪ್ ಅಲ್ಲಿ ನಡೆದಾಗ, ಆ ಮೈದಾನ ಮೂವತ್ತನೆಯ ಸಲ ಆ ಪಂದ್ಯಕ್ಕೆ ಅಂಗಳವಾಗಿತ್ತು. ಒಂದು ರೌಂಡಿಗೆ ಹದಿನೆಂಟು ಹೋಲ್ ಎಂಬ ಪದ್ಧತಿ ಬೇರು ಬಿಟ್ಟದ್ದೂ ಅಲ್ಲಿಯೇ. 1764ರಲ್ಲಿ ಕೆಲವು ಹೋಲ್‌ಗಳನ್ನು ಕೂಡಿಸಿದಾಗ ಇಪ್ಪತ್ತೆರಡು ಇದ್ದದ್ದು ಹದಿನೆಂಟಕ್ಕೆ ಇಳಿಯಿತು, ಮುಂದೆ ಜಗತ್ತೆಲ್ಲ ಅದನ್ನೇ ಅನುಸರಿಸಿತು. ಇಷ್ಟು ಹೆಸರಿರುವ ಮೈದಾನಕ್ಕೆ ಒಡೆಯನಾಗಿ ಒಂದು ಕ್ಲಬ್ ಇಲ್ಲ. ಆ ಕಡಲ ತೀರದ ಮರಳು ಬಯಲು ಊರವರ ಆಸ್ತಿ. 1552ರಲ್ಲಿ ಅಲ್ಲಿನ ಆರ್ಚ್‌ಬಿಷಪ್ ಹ್ಯಾಮಿಲ್ಟನ್ ಬರೆದುಕೊಟ್ಟ ಸನ್ನದು, ಆ ಬಯಲಿನಲ್ಲಿ ಗಾಲ್ಫ್ ಆಡುವ ಹಕ್ಕು ಊರಿನ ಜನರದ್ದು ಎಂದು ಒಪ್ಪಿಕೊಂಡಿತು. ಇವತ್ತು ಅದನ್ನು ನೋಡಿಕೊಳ್ಳುವುದು ಬ್ರಿಟಿಷ್ ಸಂಸತ್ತಿನ 1974ರ ಕಾಯ್ದೆಯ ಮೂಲಕ ಬಂದ ಸೇಂಟ್ ಆಂಡ್ರೂಸ್ ಲಿಂಕ್ಸ್ ಟ್ರಸ್ಟ್.

ಓಲ್ಡ್ ಕೋರ್ಸ್‌ನಲ್ಲಿ ಜಾಗ ಪಡೆಯಲು ಮುಖ್ಯವಾಗಿ ನಾಲ್ಕು ದಾರಿಗಳಿವೆ. ಮೊದಲನೆಯದು ಮುಂಗಡ ಅರ್ಜಿ. ಮುಂದಿನ ವರ್ಷದ ಆಟಕ್ಕೆ ಈ ವರ್ಷದ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಟ್ರಸ್ಟ್ ತನ್ನ ಜಾಲತಾಣದಲ್ಲಿ ಅರ್ಜಿ ತೆಗೆದುಕೊಳ್ಳುತ್ತದೆ. ಓಲ್ಡ್ ಕೋರ್ಸ್ ಜತೆಗೆ ಟ್ರಸ್ಟಿನದೇ ಇನ್ನೊಂದು ಮೈದಾನದಲ್ಲೂ ಆಡಬೇಕೆಂಬ ಷರತ್ತು ಇರುತ್ತದೆ. ಈ ಗಡುವು ನಮಗೆ ನೆನಪಿಟ್ಟುಕೊಳ್ಳಲು ಬಲು ಸುಲಭ, ಗೌರಿ-ಗಣೇಶ ಹಬ್ಬದ ಆಸುಪಾಸು. ಹಬ್ಬ ಮುಗಿದ ಮೇಲೆ ನೋಡಿಕೊಳ್ಳೋಣ ಎಂದರೆ ಒಂದು ವರ್ಷ ಹೋಯಿತು.

ಎರಡನೆಯದು ಬ್ಯಾಲೆಟ್, ಅಂದರೆ ಚೀಟಿ ಎತ್ತುವುದು. ಇದನ್ನು ಕನ್ನಡಿಗರಿಗೆ ವಿವರಿಸಬೇಕಾದ ಅಗತ್ಯವೇ ಇಲ್ಲ. ತಿರುಮಲದಲ್ಲಿ ಸುಪ್ರಭಾತ, ತೋಮಾಲೆ, ಅರ್ಚನೆ ಸೇವೆಗೆ ಆನ್‌ಲೈನಿನಲ್ಲಿ ಹೆಸರು ಕೊಟ್ಟು, ಲಕ್ಕಿ ಡಿಪ್‌ನಲ್ಲಿ ಬಂತೇ ಎಂದು ಕಾದು ಕೂತವರು ನಮ್ಮ ಪ್ರತಿ ಬೀದಿಯಲ್ಲೂ ಇದ್ದಾರೆ. ಸೇಂಟ್ ಆಂಡ್ರೂಸ್‌ನದೂ ಅದೇ ಬಗೆ. ಆಡುವ ದಿನಕ್ಕೆ ಎರಡು ದಿನ ಮುಂಚೆ, ಅಲ್ಲಿನ ಮಧ್ಯಾಹ್ನ ಎರಡು ಗಂಟೆಯೊಳಗೆ, ಕನಿಷ್ಠ ಇಬ್ಬರು, ಹೆಚ್ಚೆಂದರೆ ನಾಲ್ವರ ಹೆಸರು ಕೊಡಬೇಕು. ಅದೇ ಸಂಜೆ ಫಲಿತಾಂಶ. ಹೆಸರು ಬರದಿದ್ದರೆ ಮರುದಿನ ಮತ್ತೆ ಹಾಕಬಹುದು, ಎಷ್ಟು ದಿನ ಬೇಕಾದರೂ ಹಾಕಬಹುದು. ಆದ್ದರಿಂದ ಬ್ಯಾಲೆಟ್ ನಂಬಿ ಹೋಗುವವರ ಯೋಜನೆಯ ಮೂಲಮಂತ್ರ ಒಂದೇ: ಆ ಊರಿನಲ್ಲಿ ಒಂದು ದಿನ ಇರಬೇಡಿ, ನಾಲ್ಕೈದು ದಿನ ಇರಿ. ಒಂದೇ ದಿನದ ಪ್ರವಾಸಿಗೆ ಒಂದೇ ಚೀಟಿ, ಐದು ದಿನ ನಿಂತವರಿಗೆ ಐದು ಚೀಟಿ.

ಮೂರನೆಯದು ಒಬ್ಬಂಟಿ ಆಟಗಾರರದ್ದು. ಮೊದಲೆಲ್ಲ ಒಬ್ಬರೇ ಬಂದವರು ನಡುರಾತ್ರಿಯಿಂದ ಚಳಿಯಲ್ಲಿ ಸಾಲು ನಿಲ್ಲುತ್ತಿದ್ದರು. ಇಬ್ಬರೋ ಮೂವರೋ ಇರುವ ಗುಂಪಿನಲ್ಲಿ ಒಂದು ಜಾಗ ಖಾಲಿ ಸಿಗಬಹುದೆಂಬ ಆಸೆ. 2024ರಲ್ಲಿ ಆ ರಾತ್ರಿ ಸಾಲನ್ನು ನಿಲ್ಲಿಸಿ, ಹಿಂದಿನ ದಿನ ಖುದ್ದಾಗಿ ಹೋಗಿ ಹೆಸರು ಬರೆಸಿದವರಿಗೆ ಚೀಟಿ ಎತ್ತುವ ಕ್ರಮ ತಂದರು. ವಯಸ್ಸಾದವರಿಗೆ, ದೂರದಿಂದ ಬಂದವರಿಗೆ ಇದರಿಂದ ಒಳ್ಳೆಯದೇ ಆಗಿದೆ. ನಾಲ್ಕನೆಯ ದಾರಿ, ಟ್ರಸ್ಟ್ ಮಾನ್ಯ ಮಾಡಿರುವ ಪ್ರವಾಸ ಸಂಸ್ಥೆಗಳ ಪ್ಯಾಕೇಜ್. ಜಾಗ ಖಚಿತ, ಬೆಲೆ ಬಹಳ ಹೆಚ್ಚು. ಯಾರಾದರೂ ನಿಮಗೆ ಖಚಿತ ಟೀ ಟೈಮ್ ಮಾರಲು ಬಂದರೆ, ಅವರ ಹೆಸರು ಟ್ರಸ್ಟಿನ ಪಟ್ಟಿಯಲ್ಲಿ ಇದೆಯೇ ಎಂದು ನೋಡಿದ ಮೇಲೆಯೇ ಮುಂಗಡ ಕಳಿಸಿ.

ಖರ್ಚಿನ ಮಾತು ನೇರವಾಗಿ ಆಡಿಬಿಡುತ್ತೇನೆ. ಬೇಸಿಗೆ ಕಾಲದಲ್ಲಿ ಓಲ್ಡ್ ಕೋರ್ಸ್‌ನ ಒಂದು ರೌಂಡಿಗೆ 300 ಪೌಂಡಿಗೂ ಮೇಲೆ, ನಮ್ಮ ಲೆಕ್ಕದಲ್ಲಿ 35 ಸಾವಿರ ರೂಪಾಯಿ ದಾಟುತ್ತದೆ. ಅದು ಸಣ್ಣ ಮೊತ್ತವಲ್ಲ. ಆದರೆ ಅದೇ ಊರಿನಲ್ಲಿ, ಅದೇ ಟ್ರಸ್ಟಿನ ಕೈಯಲ್ಲಿ, ಓಲ್ಡ್ ಸೇರಿ ಒಟ್ಟು ಏಳು ಮೈದಾನಗಳಿವೆ. ನ್ಯೂ ಕೋರ್ಸ್ ಎಂದು ಹೆಸರಿರುವುದಕ್ಕೇ 1895ರಿಂದ ಇತಿಹಾಸವಿದೆ. ಅದನ್ನು ರೂಪಿಸಿದವರು ಓಲ್ಡ್ ಟಾಮ್ ಮಾರಿಸ್, ಆ ಊರಿನ ಮೈದಾನ ಕಾಯುವ ಕೆಲಸದಲ್ಲಿ ಹಣ್ಣಾದ ಹಿರಿಯ ಆಟಗಾರ. ಜುಬಿಲಿ 1897ರದು, ಈಡನ್ 1914ರದು. ಓಲ್ಡ್ ಕೋರ್ಸ್‌ಗಿಂತ ಎಷ್ಟೋ ಕಡಿಮೆ ದುಡ್ಡಿಗೆ, ಅದೇ ಕಡಲ ಗಾಳಿಯಲ್ಲಿ, ಅದೇ ಮರಳು ನೆಲದಲ್ಲಿ ಆಡಬಹುದು. ಬ್ಯಾಲೆಟ್ ಬರದ ದಿನ ಕೋಣೆಯಲ್ಲಿ ಕೂರುವ ಬದಲು ಅಲ್ಲಿಗೆ ಹೋಗಿ. ಆ ಮೈದಾನಗಳನ್ನು ಮೊದಲೇ ಬುಕ್ ಮಾಡಿಟ್ಟು, ಓಲ್ಡ್ ಕೋರ್ಸ್ ಬಂದರೆ ದೊಡ್ಡ ಪ್ರಸಾದ ಎಂದುಕೊಂಡು ಹೊರಟವರು ಯಾರೂ ಬರಿಗೈಯಲ್ಲಿ ಮರಳುವುದಿಲ್ಲ.

ನಾನು ಹೋದ ವರ್ಷ ಮೇ ತಿಂಗಳಲ್ಲಿ ಭಾವಮೈದನ ಜತೆ ಹೀಗೆಯೇ ಹೋಗಿದ್ದೆ. ಬ್ಯಾಲೆಟ್ಟಿಗೆ ಮೂರು ಸಲ ಹೆಸರು ಹಾಕಿದೆವು. ಎರಡು ಸಂಜೆ ಬರಲಿಲ್ಲ. ಮೂರನೆಯ ಸಂಜೆ ಫೋನಿನ ಪರದೆಯಲ್ಲಿ ನಮ್ಮಿಬ್ಬರ ಹೆಸರು, ಪಕ್ಕದಲ್ಲಿ ಮಧ್ಯಾಹ್ನದ ಒಂದು ಗಳಿಗೆ. ಆ ಪಟ್ಟಿಯಲ್ಲಿ ನಮ್ಮ ಮೇಲೆ ಯಾರಿದ್ದರು, ಕೆಳಗೆ ಯಾರಿದ್ದರು, ಗೊತ್ತಿಲ್ಲ. ಅವರಲ್ಲಿ ದೊಡ್ಡ ಉದ್ಯಮಿ ಇದ್ದಿರಬಹುದು, ಊರಿನ ಮೇಷ್ಟ್ರು ಇದ್ದಿರಬಹುದು. ಚೀಟಿಗೆ ಅದು ತಿಳಿಯುವುದಿಲ್ಲ. ಶಿಫಾರಸು ಕೇಳಬೇಕಾಗಿಲ್ಲದ ಒಂದು ಸರದಿಯಲ್ಲಿ ನಿಂತು ನನ್ನ ಪಾಲು ನನಗೆ ಸಿಕ್ಕಿದಾಗ ಆದ ಸಂತೋಷ, ಆಮೇಲೆ ಆಡಿದ ಆಟದಲ್ಲಿ ಸಿಕ್ಕ ಸಂತೋಷಕ್ಕೇನೂ ಕಡಿಮೆಯಿರಲಿಲ್ಲ.

ಆ ಮೈದಾನದಲ್ಲಿ ಕಣ್ಣಿಗೆ ಕಟ್ಟಿದ ನೋಟ ಒಂದಿದೆ. ಮೊದಲನೆಯ ಹೋಲ್ ಮತ್ತು ಹದಿನೆಂಟನೆಯ ಹೋಲ್ ಒಂದೇ ಅಗಲವಾದ ಹುಲ್ಲುಬಯಲನ್ನು ಹಂಚಿಕೊಂಡಿವೆ. ಆ ಬಯಲನ್ನು ಅಡ್ಡ ಸೀಳಿಕೊಂಡು ಒಂದು ಸಣ್ಣ ರಸ್ತೆ ಕಡಲ ಕಡೆಗೆ ಹೋಗುತ್ತದೆ. ಗ್ರ್ಯಾನಿ ಕ್ಲಾರ್ಕ್ಸ್ ವೈಂಡ್ ಎಂದು ಅದರ ಹೆಸರು, ಊರವರೆಲ್ಲ ಓಡಾಡುವ ದಾರಿ. ನನ್ನ ಸರದಿ ಬಂದು ಚೆಂಡು ಇಟ್ಟಾಗ ಒಬ್ಬ ಅಜ್ಜಿ ನಾಯಿಯನ್ನು ಹಿಡಿದುಕೊಂಡು ಆ ರಸ್ತೆಯಲ್ಲಿ ನಿಧಾನವಾಗಿ ನಡೆದು ಹೋಗುತ್ತಿದ್ದರು. ಅವರು ಅವಸರ ಮಾಡಲಿಲ್ಲ, ನಮ್ಮನ್ನು ಯಾರೂ ಅವಸರಿಸಲಿಲ್ಲ. ಅವರು ಆಚೆ ದಾಟುವವರೆಗೆ ಜಗತ್ತಿನ ಅತ್ಯಂತ ಹೆಸರಾಂತ ಮೊದಲ ಟೀ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗ, ಸುಮ್ಮನೆ ಕಾದು ನಿಂತಿತು. ಭಾನುವಾರವಂತೂ ಅಲ್ಲಿ ಆಟವೇ ಇಲ್ಲ. ದೊಡ್ಡ ಪಂದ್ಯಗಳ ದಿನ ಬಿಟ್ಟರೆ ಮೈದಾನಕ್ಕೆ ಭಾನುವಾರ ಬಿಡುವು. ಅವತ್ತು ಅದು ಊರಿನ ಪಾರ್ಕು. ಮಕ್ಕಳು ಸ್ವಿಲ್ಕನ್ ಹೊಳೆಯ ಮೇಲಿನ ಆ ಪುಟ್ಟ ಕಲ್ಲುಸೇತುವೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆಡಲು ಬುಕಿಂಗ್ ಬೇಕು, ನಡೆಯಲು ಬೇಡ. ಮನೆಯವರನ್ನು ಕರೆದುಕೊಂಡು ಹೋಗುವವರು ಪ್ರವಾಸದಲ್ಲಿ ಒಂದು ಭಾನುವಾರ ಸೇರುವಂತೆ ನೋಡಿಕೊಳ್ಳಿ.

ಇನ್ನು ಇಲ್ಲಿಂದ ಮಾಡಿಕೊಳ್ಳಬೇಕಾದ ಸಿದ್ಧತೆ. ಎಲ್ಲಕ್ಕಿಂತ ಮೊದಲು ಹ್ಯಾಂಡಿಕ್ಯಾಪ್. ಒಬ್ಬ ಆಟಗಾರನ ಮಟ್ಟ ಎಷ್ಟೆಂದು ಹೇಳುವ ಅಂಕಿ ಅದು. ಅಂಕಿ ಕಡಿಮೆಯಿದ್ದಷ್ಟೂ ಆಟ ಚೆನ್ನ. ಹೆಸರಾಂತ ಮೈದಾನಗಳಲ್ಲಿ ಹಲವು ಈ ದಾಖಲೆ ಕೇಳುತ್ತವೆ, ಓಲ್ಡ್ ಕೋರ್ಸ್ ಕೂಡ. ಇದು ಅಹಂಕಾರದ ನಿಯಮವಲ್ಲ. ಹೊಸಬರು ಒಂದೊಂದು ಹೋಲ್‌ನಲ್ಲಿ ಹನ್ನೆರಡು ಹೊಡೆತ ತೆಗೆದುಕೊಂಡರೆ ಹಿಂದಿನ ಗುಂಪುಗಳೆಲ್ಲ ನಿಂತುಬಿಡುತ್ತವೆ. 2020ರಿಂದ ಜಗತ್ತಿನ ಹೆಚ್ಚಿನ ಕಡೆ ಒಂದೇ ಹ್ಯಾಂಡಿಕ್ಯಾಪ್ ಪದ್ಧತಿ ಇದೆ. ಮೊದಲ ಅಂಕಿ ಸಿಗಲು ಒಟ್ಟು 54 ಹೋಲ್‌ಗಳ ಸ್ಕೋರು ಬೇಕು, ಅಂದರೆ ಮೂರು ಪೂರ್ತಿ ರೌಂಡು. ಮುಂದೆ ಕೊನೆಯ ಇಪ್ಪತ್ತು ರೌಂಡುಗಳಲ್ಲಿ ಅತ್ಯುತ್ತಮ ಎಂಟರ ಸರಾಸರಿ ಹಿಡಿಯುತ್ತಾರೆ. ನಮ್ಮಲ್ಲಿ ಇದು ಇಂಡಿಯನ್ ಗಾಲ್ಫ್ ಯೂನಿಯನ್‌ಗೆ ಸೇರಿದ ಕ್ಲಬ್ಬಿನ ಮೂಲಕ ಬರುತ್ತದೆ. ಅರ್ಜಿ ಹಾಕುವ ದಿನ ನೆನಪಾಗುವ ಕೆಲಸವಲ್ಲ ಇದು. ಅದಕ್ಕೆ ಮುಂಚಿನ ಯುಗಾದಿ ಹೊತ್ತಿಗೇ ಶುರುವಾಗಬೇಕು.

ಎರಡನೆಯದು ವೀಸಾ. ಬ್ರಿಟನ್ನಿನ ಸಂದರ್ಶಕ ವೀಸಾಕ್ಕೆ ಹೊರಡುವ ದಿನಕ್ಕೆ ಮೂರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು, ಸಾಮಾನ್ಯವಾಗಿ ಮೂರು ವಾರದಲ್ಲಿ ತೀರ್ಮಾನ ತಿಳಿಯುತ್ತದೆ. ಅಮೆರಿಕದ ಸಂದರ್ಶಕ ವೀಸಾದ ಸಂದರ್ಶನಕ್ಕೆ ದಿನ ಸಿಗಲು ಎಷ್ಟೋ ಸಲ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಅಲ್ಲಿಗೆ ಹೋಗುವವರು ಮೈದಾನಕ್ಕಿಂತ ಮೊದಲು ವೀಸಾವನ್ನೇ ಹಿಡಿಯಬೇಕು. ರೈಲು ಟಿಕೆಟ್ಟಿನ ವಿಷಯದಲ್ಲಿ ನಾವೆಲ್ಲ ಎಷ್ಟು ಎಚ್ಚರ! ಮುಂಗಡ ಬುಕಿಂಗ್ ಅವಧಿ 120 ದಿನದಿಂದ 60ಕ್ಕೆ ಇಳಿದದ್ದು 2024ರ ನವೆಂಬರ್ ಒಂದರಿಂದ ಎಂದು ನಮ್ಮ ಬೀದಿಯ ಹೆಂಗಸರಿಗೆಲ್ಲ ಬಾಯಿಪಾಠ. ಬನಶಂಕರಿಯ ಕಲ್ಯಾಣ ಮಂಟಪವನ್ನು ಮಾಘ ಮಾಸದ ಮುಹೂರ್ತಕ್ಕೆ ಹಿಂದಿನ ಆಷಾಢದಲ್ಲೇ ಹಿಡಿಯುವವರು ನಾವು. ಆ ಜಾಣ್ಮೆಯನ್ನೇ ಇಲ್ಲಿಗೆ ತಂದರಾಯಿತು, ಹೊಸದಾಗಿ ಕಲಿಯುವುದೇನೂ ಇಲ್ಲ.

ಮೂರನೆಯದು ಕಾಲು. ಓಲ್ಡ್ ಕೋರ್ಸ್‌ನಲ್ಲಿ ವೈದ್ಯಕೀಯ ಕಾರಣವಿಲ್ಲದೆ ಬ್ಯಾಟರಿ ಗಾಡಿ ಕೊಡುವುದಿಲ್ಲ. ಹದಿನೆಂಟು ಹೋಲ್ ಮುಗಿಯುವಷ್ಟರಲ್ಲಿ ಎಂಟು ಕಿಲೋಮೀಟರಿಗೂ ಹೆಚ್ಚು ನಡೆದಿರುತ್ತೀರಿ, ಅದೂ ಎದುರುಗಾಳಿಯಲ್ಲಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ; ಇಲ್ಲಿಯ ತೆಳುಗಾಳಿಯಲ್ಲಿ ಚೆಂಡು ಸ್ವಲ್ಪ ಹೆಚ್ಚು ದೂರ ಹಾರುತ್ತದೆ. ಕಡಲ ತೀರದ ಚಳಿಗಾಳಿಯಲ್ಲಿ ಅದೇ ಹೊಡೆತ ಮೊದಲೇ ಬಿದ್ದುಬಿಡುತ್ತದೆ. ಇದನ್ನು ತಿಳಿದು ಹೋದರೆ ಮೊದಲ ಮೂರು ಹೋಲ್‌ನಲ್ಲೇ ಎದೆಗುಂದುವುದಿಲ್ಲ. ನಾನು ಹೊರಡುವ ಮುಂಚೆ ನಾಲ್ಕು ತಿಂಗಳು, ವಾರಕ್ಕೆ ಮೂರು ದಿನ, ತುರಹಳ್ಳಿ ಕಾಡಿನ ಏರುಹಾದಿಯಲ್ಲಿ ಬೆಳಿಗ್ಗೆ ನಡೆದೆ. ಸ್ಕಾಟ್ಲೆಂಡಿನಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ತುರಹಳ್ಳಿ ನಡಿಗೆಯೇ. ಗಾಲ್ಫ್ ಸೆಟ್ಟನ್ನು ವಿಮಾನದಲ್ಲಿ ಒಯ್ಯುವುದಾದರೆ ಟಿಕೆಟ್ ತೆಗೆಯುವಾಗಲೇ ತಿಳಿಸಿ. ಬೇಡವೆಂದರೆ ಅಲ್ಲಿಯೇ ಬಾಡಿಗೆಗೆ ಸಿಗುತ್ತದೆ. ಚೀಲ ಹೊತ್ತು ಜತೆಗೆ ನಡೆಯುವ ಕ್ಯಾಡಿ ಬೇಕಿದ್ದರೆ ಅದನ್ನೂ ಮುಂಚೆಯೇ ಕೇಳಿಡಿ. ಆ ಮೈದಾನದ ಗುಟ್ಟೆಲ್ಲ ಇರುವುದು ಕ್ಯಾಡಿಗಳ ತಲೆಯಲ್ಲಿ.

ಅಮೆರಿಕದಲ್ಲಿ ಮಕ್ಕಳಿರುವ ಮನೆಗಳು ಉತ್ತರಹಳ್ಳಿ, ಪದ್ಮನಾಭನಗರದ ಸುತ್ತ ಲೆಕ್ಕವಿಲ್ಲದಷ್ಟಿವೆ. ನ್ಯೂಜೆರ್ಸಿಗೆ ಹೋಗುವವರಿಗೆ ಹತ್ತಿರದಲ್ಲೇ ಒಂದು ಅಪರೂಪದ ಮೈದಾನವಿದೆ: ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿರುವ ಬೆತ್‌ಪೇಜ್ ಬ್ಲ್ಯಾಕ್. 1936ರಲ್ಲಿ ತೆರೆದ ಈ ಮೈದಾನ ರಾಜ್ಯ ಸರ್ಕಾರದ ಉದ್ಯಾನದ ಒಂದು ಭಾಗ. 2002ರಲ್ಲಿ ಯು.ಎಸ್. ಓಪನ್ ಇಲ್ಲಿಗೆ ಬಂದಾಗ, ಸರ್ಕಾರಿ ಒಡೆತನದ ಮೈದಾನದಲ್ಲಿ ಆ ಪಂದ್ಯ ನಡೆದದ್ದು ಅದೇ ಮೊದಲು. 2025ರಲ್ಲಿ ರೈಡರ್ ಕಪ್ ಕೂಡ ಇಲ್ಲಿಯೇ ನಡೆಯಿತು. ಬುಕಿಂಗ್ ತೆರೆಯುವುದು ಕೆಲವೇ ದಿನ ಮುಂಚೆ. ನ್ಯೂಯಾರ್ಕ್ ರಾಜ್ಯದ ನಿವಾಸಿಗಳಿಗೆ ಮೊದಲು, ಉಳಿದವರಿಗೆ ಆಮೇಲೆ. ನಿವಾಸಿಗಳಿಗೆ ದರವೂ ಕಡಿಮೆ. ಆನ್‌ಲೈನಿನಲ್ಲಿ ಸಿಗದವರಿಗೆ ಇನ್ನೊಂದು ದಾರಿ ಉಂಟು. ವಾಹನ ನಿಲ್ಲಿಸುವ ಕಡೆ ಸಂಖ್ಯೆ ಬರೆದ ಜಾಗಗಳಿವೆ. ಹಿಂದಿನ ದಿನವೇ ಕಾರು ತಂದು ಅಲ್ಲಿ ನಿಲ್ಲಿಸಿ, ರಾತ್ರಿ ಕಾರಿನಲ್ಲೇ ಮಲಗಿ, ನಸುಕಿನಲ್ಲಿ ಟೋಕನ್ ಪಡೆದು ಆಡುವ ಪದ್ಧತಿ. ಕಾರಿನಲ್ಲಿ ರಾತ್ರಿ ಕಳೆದವರಲ್ಲಿ ಪೈಪ್ ರಿಪೇರಿ ಮಾಡುವವರೂ ಇರುತ್ತಾರೆ, ವಕೀಲರೂ ಇರುತ್ತಾರೆ. ಆದರೆ ಮೊದಲ ಟೀ ಬಳಿಯ ಫಲಕ ಎಚ್ಚರಿಸುವಂತೆ ಇದು ಬಲು ಕಠಿಣ ಮೈದಾನ, ನಡೆದೇ ಆಡಬೇಕು. ಹೊಸಬರು ಅದೇ ಉದ್ಯಾನದ ಬೇರೆ ನಾಲ್ಕು ಮೈದಾನಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳಿರುವವರು ಪೆಬಲ್ ಬೀಚ್ ಹೆಸರು ಕೇಳಿರುತ್ತೀರಿ. 1919ರಲ್ಲಿ ತೆರೆದ, ಆರು ಸಲ ಪುರುಷರ ಯು.ಎಸ್. ಓಪನ್ ಕಂಡ ಆ ಮೈದಾನವೂ ಸಾರ್ವಜನಿಕರಿಗೆ ತೆರೆದಿದೆ. ಆದರೆ ಮುಂಗಡ ಬುಕಿಂಗ್ ಅವರದೇ ರೆಸಾರ್ಟಿನಲ್ಲಿ ತಂಗುವವರಿಗೆ. ಉಳಿದವರಿಗೆ ಕೊನೆ ಗಳಿಗೆಯಲ್ಲಿ ಮಿಕ್ಕ ಜಾಗ. ಆಟದ ಫೀ ಒಂದೇ 600 ಡಾಲರಿಗೂ ಹೆಚ್ಚು. ಅದೇ ರಾಜ್ಯದ ಸ್ಯಾನ್ ಡಿಯಾಗೊ ನಗರಸಭೆಗೆ ಸೇರಿದ ಟೋರಿ ಪೈನ್ಸ್, 2008 ಮತ್ತು 2021ರಲ್ಲಿ ಯು.ಎಸ್. ಓಪನ್ ನಡೆದ ಮೈದಾನ, ಕೈಗೆ ಹೆಚ್ಚು ಎಟುಕುತ್ತದೆ. ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡ್ ಖಾಸಗಿ ಕ್ಲಬ್ಬಿನದು, ಆದರೂ ಹೊರಗಿನವರಿಗೆಂದು ಮಂಗಳವಾರ ಮತ್ತು ಗುರುವಾರ ಇಟ್ಟಿದ್ದಾರೆ. ಆ ಕ್ಲಬ್ಬು ಹೆಂಗಸರನ್ನು ಸದಸ್ಯರಾಗಿ ಒಪ್ಪಿಕೊಳ್ಳಲು ಮತ ಹಾಕಿದ್ದು 2017ರಲ್ಲಿ. ಅಷ್ಟು ತಡವಾಗಿ ತೆರೆದ ಬಾಗಿಲು ಎಂಬುದನ್ನೂ ಹೇಳಬೇಕು. ಇನ್ನು ಮಾಸ್ಟರ್ಸ್ ನಡೆಯುವ ಅಗಸ್ಟಾ ನ್ಯಾಷನಲ್ ಮಾತ್ರ ಯಾವ ಕ್ಯಾಲೆಂಡರಿಗೂ ಜಗ್ಗುವುದಿಲ್ಲ. ಅಲ್ಲಿ ಸದಸ್ಯರು ಕರೆದುಕೊಂಡು ಹೋದರೆ ಆಟ, ಇಲ್ಲವಾದರೆ ಪಂದ್ಯ ನೋಡುವ ಟಿಕೆಟ್ಟಿಗೆ ಲಾಟರಿ.

ಇದೆಲ್ಲ ಹೇಳಿ ಮುಗಿಸಿದಾಗ ರಾಯರು ಇನ್ನೊಂದು ಕಾಫಿ ತರಿಸಿದರು. ಆಮೇಲೆ ಕೇಳಿದರು: "ಅಷ್ಟು ದೂರದಲ್ಲಿ ಬಿಡ್ತಾರೆ, ಸರಿ. ಇಲ್ಲೇ ಚಲ್ಲಘಟ್ಟದಲ್ಲಿ?"

ನನ್ನ ಬಳಿ ಅಷ್ಟು ಚುರುಕಾದ ಉತ್ತರ ಇರಲಿಲ್ಲ. ಗಾಲ್ಫ್‌ನ ಇತಿಹಾಸದಲ್ಲಿ ನಮ್ಮೂರಿಗೆ ಗೌರವದ ಸ್ಥಾನವಿದೆ. ಹೈಗ್ರೌಂಡ್ಸ್‌ನ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ; ಅಮೆರಿಕದಲ್ಲಿ ಆಟ ಬೇರೂರುವುದಕ್ಕೂ ಮುಂಚೆ ಇಲ್ಲಿ ಚೆಂಡು ಉರುಳುತ್ತಿತ್ತು. ಹಳೆ ವಿಮಾನ ನಿಲ್ದಾಣ ರಸ್ತೆಯ ಆಚೆ ಚಲ್ಲಘಟ್ಟದಲ್ಲಿರುವ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನವನ್ನು ವಿನ್ಯಾಸ ಮಾಡಿದವರು ಐದು ಸಲ ಓಪನ್ ಗೆದ್ದ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. 2012ರ ಇಂಡಿಯನ್ ಓಪನ್ ನಡೆದದ್ದು ಅಲ್ಲಿಯೇ. ಅಂದರೆ ಚಾಂಪಿಯನ್‌ಷಿಪ್ ಮೈದಾನ ನೋಡಲು ನಾವು ಕಡಲು ದಾಟಬೇಕಾಗಿಲ್ಲ. ಆ ಮೈದಾನ ಕಣ್ಣಿಗೆ ಬಿದ್ದದ್ದರಿಂದಲೇ ಒಂದು ಮಗು ಈ ಆಟಕ್ಕೆ ಬಂತು. ಅಪ್ಪ-ಅಮ್ಮನ ಜತೆ ತಿಂಡಿಗೆ ಹೋಗುತ್ತಿದ್ದ ಹೋಟೆಲಿನಿಂದ ಅದನ್ನು ಕಂಡು, ಐದನೆಯ ವಯಸ್ಸಿನಲ್ಲಿ ಕೋಲು ಹಿಡಿದವರು ಅದಿತಿ ಅಶೋಕ್. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮ್ಮನೇ ಕ್ಯಾಡಿಯಾಗಿ ಚೀಲ ಹೊತ್ತು ನಡೆಯುತ್ತಿದ್ದರೆ, ಮಗಳು ನಾಲ್ಕನೆಯ ಸ್ಥಾನಕ್ಕೆ ಬಂದು ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿಸಿಕೊಂಡಳು. ಬಿಡದಿ ಬಳಿಯ ಹಳ್ಳಿಯಲ್ಲಿ ಬೆಳೆದ ಎಸ್. ಚಿಕ್ಕರಂಗಪ್ಪ, ಊರ ಪಕ್ಕ ಎದ್ದ ಈಗಲ್‌ಟನ್ ಮೈದಾನದಲ್ಲಿ ಆಟ ಕಲಿತು ವೃತ್ತಿಪರ ಆಟಗಾರರಾದರು. ಕಣ್ಣಿಗೆ ಕಂಡದ್ದು, ಕಾಲಿಗೆ ಎಟುಕಿದ್ದು, ಎರಡೇ ಇದಕ್ಕೆ ಕಾರಣ.

ನಮ್ಮ ಸುತ್ತಮುತ್ತ ಆಡಬೇಕೆನ್ನುವವರಿಗೆ ದಾರಿ ಇಲ್ಲವೆಂದಲ್ಲ. ಬಿಡದಿಯ ಈಗಲ್‌ಟನ್ ನಮಗೆ ನೈಸ್ ರಸ್ತೆ ಹಿಡಿದರೆ ಹತ್ತಿರ. ನಂದಿಬೆಟ್ಟದ ಕಡೆ ಪ್ರೆಸ್ಟೀಜ್ ಗಾಲ್ಫ್‌ಶೈರ್ ಇದೆ. ಮೈಸೂರಿನಲ್ಲಿ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್, ಮಡಿಕೇರಿಯಲ್ಲಿ ಮರ್ಕೆರಾ ಡೌನ್ಸ್, ಕೊಡಗಿನ ಬಿಟ್ಟಂಗಾಲದಲ್ಲಿ ಕೂರ್ಗ್ ಗಾಲ್ಫ್ ಲಿಂಕ್ಸ್, ಚಿಕ್ಕಮಗಳೂರಿನಲ್ಲಿ ಕಾಫಿ ತೋಟಗಳ ನಡುವೆ ಒಂದು. ಕೆಲವು ಕಡೆ ಫೀ ಕಟ್ಟಿ ಆಡಬಹುದು, ಕೆಲವು ಕಡೆ ಸದಸ್ಯರ ಅತಿಥಿಯಾಗಿ ಹೋಗಬೇಕು. ಎರಡು ವಾರ ಮುಂಚೆ ಫೋನ್ ಮಾಡಿ, ಹೊರಗಿನವರಿಗೆ ಯಾವ ದಿನ, ಯಾವ ಹೊತ್ತು ಎಂದು ಕೇಳಿ, ಹೆಸರು ಬರೆಸಿಡಿ. ವಾರದ ದಿನಗಳಲ್ಲಿ ಸಿಗುವುದು ಸುಲಭ. ವಿದೇಶಕ್ಕೆ ಹೊರಡುವ ಮುಂಚೆ ಇಂಥ ನಾಲ್ಕು ಬೇರೆ ಬೇರೆ ಮೈದಾನಗಳಲ್ಲಿ ಆಡಿದ್ದರೆ ಹೊಸ ನೆಲದ ಅಂಜಿಕೆ ಹೋಗುತ್ತದೆ.

ಆದರೂ ರಾಯರ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಚಲ್ಲಘಟ್ಟದ ಆ ನೆಲ ಸರ್ಕಾರ ಗುತ್ತಿಗೆಗೆ ಕೊಟ್ಟದ್ದು, ಅಂದರೆ ಮೂಲದಲ್ಲಿ ನಮ್ಮೆಲ್ಲರದ್ದು. ಅಲ್ಲಿನ ಸದಸ್ಯರು ಅದನ್ನು ಚೆನ್ನಾಗಿ ಇಟ್ಟಿದ್ದಾರೆ, ಆ ಶ್ರಮಕ್ಕೆ ಬೆಲೆ ಇದೆ. ಅವರ ಆಟ ಕಸಿಯಿರಿ ಎಂದು ಯಾರೂ ಹೇಳುತ್ತಿಲ್ಲ. ವಾರದಲ್ಲಿ ಒಂದು ಮಧ್ಯಾಹ್ನ, ನಾಲ್ಕೇ ನಾಲ್ಕು ಟೀ ಟೈಮ್, ಹ್ಯಾಂಡಿಕ್ಯಾಪ್ ಇರುವ ಯಾವ ಕನ್ನಡಿಗನಾದರೂ ಫೀ ಕಟ್ಟಿ ಹೆಸರು ಕೊಡಬಹುದಾದ ಒಂದು ಚೀಟಿ. ಸರ್ಕಾರದ ನೆಲದ ಮೇಲಿರುವ ಪ್ರತಿ ಮೈದಾನವೂ ಇಷ್ಟು ಮಾಡಿದರೆ ಸಾಕು. ಹದಿನಾರು ಜನರಿಗೆ ಜಾಗ. ವರ್ಷಕ್ಕೆ ಎಂಟುನೂರಕ್ಕೂ ಹೆಚ್ಚು. ತಿಂಗಳಿಗೊಂದು ಭಾನುವಾರ ಸಂಜೆ ಸರ್ಕಾರಿ ಶಾಲೆಯ ಮಕ್ಕಳು ಆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಲಿ. ಒಂದು ಸಣ್ಣ ಸ್ಕಾಟಿಷ್ ಊರು ನಡೆಸಿಕೊಂಡು ಬಂದ ಏರ್ಪಾಡು ನಮ್ಮಿಂದ ಆಗದಷ್ಟು ದೊಡ್ಡದಲ್ಲ. ಅಲ್ಲಿ ಅಜ್ಜಿ ರಸ್ತೆ ದಾಟುವವರೆಗೆ ಚಾಂಪಿಯನ್‌ಷಿಪ್ ಮೈದಾನ ಕಾಯುತ್ತದೆ. ಆ ಕಾಯುವಿಕೆಯಿಂದ ಅದರ ಘನತೆ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಮೊನ್ನೆ ರಾಯರ ಮನೆಗೆ ಹೋಗಿದ್ದೆ. ಅಡುಗೆಮನೆಯ ಬಾಗಿಲ ಪಕ್ಕ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುಹಾಕಿದೆ. ಹಾಲು ಹೆಚ್ಚಿಗೆ ತಂದ ದಿನ, ಗ್ಯಾಸ್ ಬುಕ್ ಮಾಡಿದ ದಿನ, ಸಂಕಷ್ಟಿ, ಏಕಾದಶಿ, ಎಲ್ಲದರ ಗುರುತೂ ಅದರಲ್ಲೇ. ಗೌರಿ ಹಬ್ಬದ ಚೌಕದಲ್ಲಿ ಅವರ ಮನೆಯವರು ಬಾಗಿನದ ಮೊರಗಳ ಸಂಖ್ಯೆ ಬರೆದಿಟ್ಟಿದ್ದರು. ಅದರ ಕೆಳಗೆ ಉಳಿದ ಚೂರು ಜಾಗದಲ್ಲಿ, ಬ್ಯಾಂಕಿನವರ ಅಚ್ಚುಕಟ್ಟಾದ ಪುಟ್ಟ ಅಕ್ಷರದಲ್ಲಿ, ರಾಯರು ಪೆನ್ಸಿಲಿನಿಂದ ಬರೆದಿದ್ದರು: "ಸೇಂಟ್ ಆಂಡ್ರೂಸ್ ಅರ್ಜಿ."